ಖಾಲಿ ಚೌಕಗಳು

ಪಿಕ್‌ಹುನ್ ಗೆಣಸಿನ ಗಂಜಿಗೆ ಕೈಯಾಡಿಸುತ್ತಿದ್ದಾಗ ಫೋನ್ ಟಿಣ್ ಎಂದಿತು. ಸೌಟನ್ನು ಪಾತ್ರೆಯಲ್ಲೇ ಬಿಟ್ಟು ನೋಡಿದಳು. ಪಕ್ಕದ ಕೋಣೆಯಿಂದ ಅತ್ತೆ ಕಳಿಸಿದ್ದು. ಈ ಸಲವೂ ಸಾಲಾಗಿ ಖಾಲಿ ಚೌಕಗಳು.

ಲಕ್ವ ಹೊಡೆದ ಮೇಲೆ ಅತ್ತೆಗೆ ಮಾತು ನಿಂತುಹೋಗಿತ್ತು. ಊಟ ಬೇಕೇ ಎಂದರೂ ತಲೆಯಾಡಿಸುವಳು, ಸಾಕೇ ಎಂದರೂ ತಲೆಯಾಡಿಸುವಳು. ಆಡುವುದು ಎಡಗೈಯ ಬೆರಳು ಮಾತ್ರ. ಓದುಬರಹ ಕಾಣದ ಆಕೆ ಇಳಿವಯಸ್ಸಿನಲ್ಲಿ ದೇವಸ್ಥಾನದ ತರಗತಿಗೆ ಹೋಗಿ, ಮಕ್ಕಳು ಉಚ್ಚಾರಕ್ಕೆಂದು ಕಲಿಯುವ ಅಕ್ಷರಗಳನ್ನು ಕಲಿತಿದ್ದಳು. ಅವು ಶಾಲೆಯ ಚೀನೀ ಭಾಷೆಗೆ ಸಾಕು, ಮನೆಮಾತಿನ ಎಲ್ಲ ಸದ್ದಿಗೂ ಸಾಲವು. ಹಾಗಾಗಿ ಅಲ್ಲಿಯ ಮೇಷ್ಟ್ರು ಹೆಚ್ಚಿನ ಅಕ್ಷರಗಳಿದ್ದ ಕೀಲಿಮಣೆಯೊಂದನ್ನು ಆಕೆಯ ಫೋನಿಗೆ ಹಾಕಿಕೊಟ್ಟಿದ್ದರು.

"ಮತ್ತೆ ಡಬ್ಬಿಗಳಾ?" ನಾದಿನಿ ಸಿಯುಖಿಮ್ ಅತ್ತೆಯ ಬಟ್ಟೆ ಮಡಚುತ್ತಲೇ ಕೇಳಿದಳು. ಅತ್ತೆಯನ್ನು ಕರೆದೊಯ್ಯಲು ವೃದ್ಧಾಶ್ರಮದ ಗಾಡಿ ಇನ್ನೇನು ಬರುವುದರಲ್ಲಿತ್ತು. "ಲಾಟರಿ ನಂಬರಾದ್ರೂ ಕಳಿಸಬಾರ್ದಾ ಅಮ್ಮ. ತಲೆ ಪೂರ್ತಿ ಹೋಯ್ತು ಕಣೇ. ಎಲ್ಲಿದ್ರೂ ಅವಳಿಗೆ ಒಂದೇ."

ಪಿಕ್‌ಹುನ್ ಹೂಂಗುಟ್ಟಿದಳು. ಆ ಮಾತನ್ನು ನಂಬಿದರೆ ಅವಳಿಗೂ ಹಗುರ. ಬುತ್ತಿಯಂಗಡಿಯವರು ನಾಳೆಯಿಂದ ಕೆಲಸಕ್ಕೆ ಬಾ ಎಂದಿದ್ದರು. ಮಲ ಬಳಿದು, ಮೈ ಹೊರಳಿಸಿ, ವರ್ಷವಿಡೀ ಈ ನಾಲ್ಕು ಗೋಡೆಗಳ ನಡುವೆ ಅವಳ ಉಸಿರು ಕಟ್ಟಿಹೋಗಿತ್ತು.

"ಅಮ್ಮಾ, ಡಬ್ಬಿ ಖಾಲಿ ಇಲ್ಲ." ಮಗಳು ಯೂತಾಂಗ್ ಶಾಲೆಯ ಟ್ಯಾಬ್ಲೆಟ್ ಹಿಡಿದು ಅಡುಗೆಮನೆಗೆ ಬಂದಳು. "ಅಜ್ಜಿ ನನಗೂ ಕಳಿಸಿದ್ರು. ಇದರಲ್ಲಿ ತೆಗೆದೆ, ಅಕ್ಷರ ಬಂತು."

"ಗಂಜಿ ಕುಡಿ ಮೊದಲು."

"ಪ್ರತಿ ಅಕ್ಷರಕ್ಕೂ ಒಂದು ನಂಬರ್ ಇರತ್ತಂತೆ, ಟೀಚರ್ ಹೇಳಿದ್ರು. ಅಜ್ಜಿ ಒತ್ತಿದ ನಂಬರ್ ಸರಿಯಾಗೇ ಬಂದಿದೆ. ಅದನ್ನ ಹೇಗೆ ಬರೀಬೇಕು ಅಂತ ನಿಮ್ಮ ಹಳೇ ಫೋನಿಗೆ ಗೊತ್ತಿಲ್ಲ, ಅಷ್ಟೆ. ಅಜ್ಜಿ ಫೋನಿಗೂ ಗೊತ್ತಿಲ್ಲ."

ಪಿಕ್‌ಹುನ್ ಟ್ಯಾಬ್ಲೆಟ್ ನೋಡಿದಳು. ಮನೆಮಾತಿನ ಒಂದೇ ಪದ, ಪೂರ್ತಿ ಮೇಷ್ಟ್ರು ಹಾಕಿಕೊಟ್ಟ ಹೆಚ್ಚಿನ ಅಕ್ಷರಗಳದ್ದೇ, ಮತ್ತೆ ಮತ್ತೆ. ಬೇಕು. ಬೇಕು. ಬೇಕು. ತಾನು ಒತ್ತಿದ ಪದ ಚೌಕಗಳಾಗುವುದನ್ನು ಕಂಡು, ತಪ್ಪಿತೆಂದು ಅಲ್ಲಿಗೇ ಬಿಟ್ಟು, ಮುದುಕಿ ಮೊದಲಿನಿಂದ ಒತ್ತಿದ್ದಾಳೆ. ಆ ಮಾತಿನಲ್ಲಿ ಬೇಕು ಎನ್ನುವುದೇ ಮೊದಲು ಬರುತ್ತದೆ; ಆಮೇಲಿನ, ಏನು ಬೇಕು ಎನ್ನುವ ಕಡೆಗೆ ಒಮ್ಮೆಯೂ ದಾಟಿಲ್ಲ.

ಗಂಜಿ ತಳ ಹಿಡಿಯುವ ವಾಸನೆ ಬಂತು. ಪಿಕ್‌ಹುನ್ ಒಲೆ ಆರಿಸಿದಳು. ಅತ್ತೆಗೆ ತಿಳಿವಳಿಕೆ ಇದೆ. ಇನ್ನು ಕೇಳಿದರೆ ಉತ್ತರ ಬರುತ್ತದೆ. ಉತ್ತರ ಬಂದ ಮೇಲೆ ಕೇಳಿಸಿಲ್ಲ ಎನ್ನುವಂತಿಲ್ಲ.

"ಅಮ್ಮಾ, ಅಜ್ಜೀನ ಕೇಳೋಣ್ವಾ..."

"ಸುಮ್ನಿರು ಪುಟ್ಟಿ. ಅಜ್ಜಿಗೆ ಕೇಳಿಸತ್ತೆ."

"ಕೇಳಿಸ್ಲಿ ಅಂತಾನೇ."

ಹೊರಗೆ ಗಾಡಿಯ ಹಾರ್ನ್ ಕೇಳಿತು. "ಅಮ್ಮನ ಬಟ್ಟೆ ಚೀಲ ತಗೊಂಡ್ ಬಾರೇ," ಎಂದು ಸಿಯುಖಿಮ್ ಬಾಗಿಲಿಗೆ ಓಡಿದಳು. ಪಿಕ್‌ಹುನ್ ಕೋಣೆಗೆ ಹೋಗಿ ಚೀಲ ಎತ್ತಿಕೊಂಡಳು. ಅತ್ತೆಯ ಕಣ್ಣು ತಪ್ಪಿಸಲು ಅದರ ಜಿಪ್ಪನ್ನೇ ನೋಡುತ್ತ ನಿಂತಳು. ಮಗಳು ಅವಳನ್ನು ದಾಟಿ ಮಂಚವೇರಿದಳು, ಅಜ್ಜಿಯ ಎಡಗೈಗೆ ಫೋನ್ ಕೊಟ್ಟಳು, ಟ್ಯಾಬ್ಲೆಟನ್ನು ಇಬ್ಬರಿಗೂ ಕಾಣುವಂತೆ ದಿಂಬಿಗೆ ಒರಗಿಸಿದಳು.

"ಚೌಕ ಬಂದ್ರೂ ನಿಲ್ಲಿಸ್ಬೇಡಿ ಅಜ್ಜಿ, ಇದರಲ್ಲಿ ನಾನು ಓದ್ತೀನಿ. ನಿಮ್ಮನ್ನ ಆಶ್ರಮಕ್ಕೆ ಕರ್ಕೊಂಡು ಹೋಗೋಕೆ ಗಾಡಿ ಬಂದಿದೆ. ನಿಮಗೆ ಹೋಗ್ಬೇಕು ಅಂತ ಇದೆಯಾ?"