ಎಂಟಾದ ಮೇಲಿನ ವೀಳ್ಯ

ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದ ಶಾಂತರಾಜು ಸಂವಿಧಾನ ತಿದ್ದುಪಡಿಯ ಪಾಠ ಮಾಡುತ್ತಿದ್ದದ್ದು ಇದು ಏಳನೆಯ ವರ್ಷ. ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆಯನ್ನು ಮುಟ್ಟುವ ತಿದ್ದುಪಡಿಗೆ ಸಂಸತ್ತು ಒಪ್ಪಿದರಷ್ಟೇ ಸಾಲದು. ಇಪ್ಪತ್ತೆಂಟು ರಾಜ್ಯಗಳಲ್ಲಿ ಹದಿನಾಲ್ಕರ ಶಾಸನಸಭೆಗಳಾದರೂ ಅನುಮೋದಿಸಬೇಕು. ಬೋರ್ಡಿನ ಮೇಲೆ ಹದಿನಾಲ್ಕು ಎಂದು ಬರೆದು ಕೆಳಗೆ ಗೆರೆ ಎಳೆದ.

"ಸಾರ್, ಏನೂ ಹೇಳ್ದೆ ಸುಮ್ನೆ ಕೂತ್ಕೊಂಡ ರಾಜ್ಯಕ್ಕೆ ಏನ್ಮಾಡ್ತಾರೆ?" ಮುಂದಿನ ಬೆಂಚಿನ ಕುಮಾರಿ ಕೇಳಿದಳು.

"ಏನೂ ಮಾಡಲ್ಲ. ಗಡುವೂ ಇಲ್ಲ. ಹದಿನಾಲ್ಕಾದ್ಮೇಲೆ ಅವರಿಗೋಸ್ಕರ ಯಾರೂ ಕಾಯಲ್ಲ."

"ಒಳ್ಳೆ ಆರಾಮ ಬುಡಿ ಸಾರ್, ಯಾರತ್ರಾನೂ ಬೈಸ್ಕೊಳಂಗಿಲ್ಲ."

ತರಗತಿ ನಕ್ಕಿತು. ಅವನಿಗೆ ಅಪ್ಪನ ನೆನಪಾಯಿತು.

ಅಪ್ಪ ಚಿಕ್ಕಬಸವಯ್ಯ ಕುದೇರಿನಲ್ಲಿ ಅವರ ಕುಲದ ಯಜಮಾನ. ಇಂಥ ಹದಿನಾರು ಊರುಗಳ ಯಜಮಾನರಿಗೆಲ್ಲ ದೊಡ್ಡದು, ಕುಲದ ಕಟ್ಟಳೆ ಮಾಡುವ ಸಂತೆಮರಹಳ್ಳಿಯ ಗಡಿಮನೆ. ಗಡಿಮನೆ ಕಟ್ಟಳೆ ಬದಲಿಸಿದರೂ ಎಂಟು ಊರುಗಳಾದರೂ ವೀಳ್ಯದೆಲೆ ತಂದುಕೊಟ್ಟು ಒಪ್ಪಬೇಕು. ಕುಲದ ಹೊರಗೆ ಮದುವೆಯಾದ ಹೆಣ್ಣುಮಗಳು ತವರಿನ ಹೊಸ್ತಿಲು ತುಳಿಯಬಾರದೆಂಬ ಕಟ್ಟಳೆಯನ್ನು ಗಡಿಮನೆ ಹೋದ ತಿಂಗಳು ಕೈಬಿಟ್ಟಿತ್ತು. ಏಳು ಊರಿನ ವೀಳ್ಯ ಬಂದಿತ್ತು. ಕುದೇರಿನದು ಬಂದಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಸ್ವಂತ ಮಗಳು ಭಾನುವಿಗೆ ಆ ಕಟ್ಟಳೆಯನ್ನು ಜಗಲಿಯ ಮೇಲೆ ನಿಂತು ಹೇಳಿದವನು ಅಪ್ಪನೇ.

ಪಾಠ ಮುಗಿಸಿ ಹೊರಬಂದಾಗ ಗಡಿಮನೆಯ ಓಲೆಕಾರ ನಾಗಯ್ಯನ ಫೋನು. "ಎಂಟಾಯ್ತು ಕಣ್ಲಾ! ಕಟ್ಟಳೆ ಓಯ್ತು. ನಿಮ್ಮಪ್ಪನ್ನ ಇನ್ನು ಯಾರೂ ಕೇಳಲ್ಲ."

ಶಾಂತರಾಜು ನೇರವಾಗಿ ಬಸ್‌ಸ್ಟ್ಯಾಂಡಿನ ಹಿಂದಿನ ಭಾನುವಿನ ಮನೆಗೆ ಹೋದ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಸುದ್ದಿ ಕೇಳಿಯೂ ಕೈ ನಿಲ್ಲಿಸಲಿಲ್ಲ.

"ನಮ್ಮೂರಿಂದು ಓಯ್ತಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ. ಬೇಕಾಗಿಲ್ಲ ಕಣಮ್ಮಿ, ಎಂಟು ಸಾಕು."

"ನಿನ್ನ ಪಾಠಕ್ಕೆ ಸಾಕು. ಬೇರೆ ಊರೋರು ಬಾ ಅಂದ್ರೆ ಅವರ ಮನೆಗೆ ಓಗ್ಬೇಕಾಯ್ತದೆ ಕಣಣ್ಣ. ನಮ್ಮನೆಗೆ ಎಂಗೆ ಬರ್ಲಿ?"

ಅವನು ಕುದೇರಿಗೆ ಹೊರಟ. ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಕುದೇರು ತಲುಪುವ ಹೊತ್ತಿಗೆ ಬೆಳಗಿನಿಂದ ಮಾತಾಡಿದ ಬಾಯಿ ಒಣಗಿತ್ತು.

ಅವ್ವ ಸುಂದ್ರಮ್ಮ ಗಡಿಮನೆಗೆಂದು ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ವೀಳ್ಯದ ಕಟ್ಟಿಗೆ ನೀರು ಚಿಮುಕಿಸುತ್ತಿದ್ದಳು. ತಿಂಗಳಿಂದ ದಿನವೂ ಅದೇ. ಹಳದಿಯಾದ ಎಲೆ ಕಿತ್ತೆಸೆಯುತ್ತಿದ್ದಳೇ ಹೊರತು ಕಳಿಸು ಎಂದು ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

"ನಾಗಯ್ಯ ಹೇಳ್ದ," ಎಂದ ಅಪ್ಪ. "ಸದ್ಯ, ನನ್ದೇನಿಲ್ಲ ಇನ್ನು. ಬರ್ಲಿ ಅವಳು."

ಆ ದನಿಯಲ್ಲಿದ್ದ ನಿರಾಳ ಕೇಳಿದಾಗ ಶಾಂತರಾಜುವಿಗೆ ಅರ್ಥವಾಯಿತು. ಅಪ್ಪ ತಿಂಗಳಿಡೀ ಬೇಡವೆಂದು ಕೂತಿರಲಿಲ್ಲ. ತನ್ನ ಮಾತು ಬೇಕಾಗದ ದಿನಕ್ಕಾಗಿ ಕಾದಿದ್ದ.

"ಬರಲ್ಲ ಅಂದ್ಲು."

ಅವ್ವ ಚೊಂಬು ಕೆಳಗಿಟ್ಟು ಒಳಗೆ ಹೋದಳು. ಕಟ್ಟಿನ ಉಳಿದರ್ಧಕ್ಕೆ ಅವತ್ತು ನೀರು ಬೀಳಲಿಲ್ಲ.

ಬೆಳಿಗ್ಗೆ ಶಾಂತರಾಜು ಚೀಲ ಹಿಡಿದು ಹೊರಟಾಗ ಅಪ್ಪ ಒಗೆದ ಪಂಚೆಯುಟ್ಟು ಜಗಲಿಯಲ್ಲಿ ಕೂತಿದ್ದ.

"ಎಂಟಾದ್ಮೇಲೆ ಕೊಟ್ರೆ ತಕ್ಕತಾರೇನ್ಲಾ?"

"ತಕ್ಕತಾರೆ. ಲೆಕ್ಕಕ್ಕೆ ಬರಲ್ಲ, ಅಷ್ಟೆ."

ಅಪ್ಪ ಪಕ್ಕದಲ್ಲಿದ್ದ ವೀಳ್ಯದ ಕಟ್ಟು ಬಿಚ್ಚಿ ಒಂದೆಲೆ ಮುಟ್ಟಿ ನೋಡಿದ. "ಇವು ಬಾಡೋಗವೆ. ಸಂತೆಮರಹಳ್ಳೀಲೇ ಎಳೆ ಎಲೆ ತಕ್ಕೊಳನ, ನಡಿ."

ಗುಂಡ್ಲುಪೇಟೆಯ ಮೊದಲ ಪಾಠ ತಪ್ಪಿತು. ಇಬ್ಬರೂ ಎದುರು ದಿಕ್ಕಿನ ಬಸ್ಸಿಗೆ ನಿಂತರು. ಶಾಂತರಾಜು ಜೇಬಿಗೆ ಕೈಹಾಕಿದ್ದನ್ನು ಕಂಡು ಅಪ್ಪ ತಡೆದ.

"ಈಗ್ಲೇ ಅವಳ್ಗೆ ಫೋನ್ ಮಾಡ್ಬೇಡ. ಕೊಟ್ಬುಟ್ಟು ಮಾಡನ. ನಾನೇ ಮಾತಾಡ್ತೀನಿ."