ಮುಚ್ಚಳದ ಮೇಲಿನ ಅಂಗೈ

ಯಜಮಾನರು ತೀರಿಹೋದ ಮೇಲೆ ಅಜ್ಜಿ ಅವರ ಮೋಟಾರ್ ಸೈಕಲ್ಲಿಗೆ ವಾರವಾರವೂ ತಂಬಿಗೆಯಲ್ಲಿ ನೀರು ಹೊಯ್ದು, ಒರೆಸಿ ಇಡುತ್ತಿದ್ದಳು. ಈಗ ಗಾಡಿ ಸ್ಟಾರ್ಟೇ ಆಗುತ್ತಿರಲಿಲ್ಲ. ರಿಪೇರಿಯಾಗದಿದ್ದರೆ ಗುಜರಿಗೆ ಹಾಕುವುದೇ ಸೈ ಎಂದು ಮಗಳು ಕಡ್ಡಿ ಮುರಿದಂತೆ ಹೇಳಿದ್ದಳು.

ಮೆಕ್ಯಾನಿಕ್ ಮನೆಗೇ ಬಂದು, ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿದ. ತುಸು ಹೊತ್ತಿಗೆ ತಳದಲ್ಲಿ ನೀರು ಬೇರೆಯಾಗಿ ನಿಂತಿತು.

"ಟ್ಯಾಂಕ್ ಮುಚ್ಚಳದ ರಬ್ಬರ್ ಸತ್ತೋಗಿದೆ. ನೀರು ಯಾರು ಹುಯ್ದಿದ್ದು?"

"ನಾನೇ ಕಣಪ್ಪ. ಸ್ನಾನ ಮಾಡಿಸ್ತಿದ್ದೆ."

"ಸ್ನಾನದ ಜೊತೆ ಕುಡಿಸೂಬಿಟ್ಟಿದೀರಲ್ಲ ಅಜ್ಜಿ!"

ಅಜ್ಜಿಯ ಮುಖ ಸಪ್ಪಗಾಯಿತು. "ಅವರೂ ಹಿಂಗೇ ತೊಳೀತಿದ್ರಲ್ಲ?"

ಮಗಳು ಬಾಟಲಿಯನ್ನೇ ನೋಡುತ್ತಾ ನಿಂತಿದ್ದವಳು ಮೆಲ್ಲಗೆ ಅಂದಳು: "ಅಪ್ಪ ನನ್ನನ್ನ ಸೀಟಿನ ಮೇಲೆ ಕೂರಿಸ್ತಿದ್ರು. ಮುಚ್ಚಳಾನ ಎರಡೂ ಕೈಲಿ ಮುಚ್ಕೋ ಪುಟ್ಟಿ, ಆಮೇಲೆ ನೀರು ಅಂತಿದ್ರು. ನೀನು ಒಳಗೆ ಅಡುಗೆ ಮಾಡ್ತಿದ್ದೆ, ನಿಂಗೆ ಹೆಂಗೆ ಗೊತ್ತಾಗ್ಬೇಕಮ್ಮ."

ಮೆಕ್ಯಾನಿಕ್ ಟ್ಯಾಂಕು, ಕಾರ್ಬುರೇಟರ್ ತೊಳೆದು, ಮುಚ್ಚಳಕ್ಕೆ ಹೊಸ ರಬ್ಬರ್ ಕೂರಿಸಿ, ಹೊಸ ಪೆಟ್ರೋಲು ಹಾಕಿ ಕಿಕ್ ಹೊಡೆದಾಗ, ಗಾಡಿ ಎರಡು ಸಲ ಕೆಮ್ಮಿ, ಯಜಮಾನರು ಬಾಗಿಲಿಗೆ ಬಂದು ನಿಲ್ಲಿಸುವಾಗಿನ ಹಾಗೇ ಗುಡುಗುಟ್ಟಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುಜರಿಯ ಮಾತು ಮತ್ತೆ ಬರಲಿಲ್ಲ. ಮುಂದಿನ ವಾರ ಅಜ್ಜಿ ತಂಬಿಗೆ ಎತ್ತಿದಾಗ, ಹೊಸ ರಬ್ಬರ್ ಇದ್ದರೂ ಮಗಳು ಬಂದು ಮುಚ್ಚಳದ ಮೇಲೆ ಎರಡೂ ಅಂಗೈ ಇಟ್ಟಳು.

"ಹ್ಞೂ, ಈಗ ಹುಯ್ಯಮ್ಮ."