ದಸ್ತಗೀರಬಿಯ ನಾಡಿ

ಗುಡೂರಿನ ವಿದ್ಯಾಳಿಗೆ ಪರೀಕ್ಷೆಗಿಂತ ದಸ್ತಗೀರಬಿಯ ಭಯವೇ ಹೆಚ್ಚು. ನಗಬೇಡಿ. ಬಾಗಲಕೋಟೆಯ ಆ ನರ್ಸಿಂಗ್ ಕಾಲೇಜಿನ ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುವ ದಸ್ತಗೀರಬಿಯೇ ಪ್ರಾಯೋಗಿಕ ಪರೀಕ್ಷೆಯ ದಿನ ರೋಗಿಯಾಗಿ ಮಂಚದ ಮೇಲೆ ಮಲಗುವವಳು. ಏನು ಅಭಿನಯ ಅವಳದು! ಎದೆನೋವೆಂದು ಹೊರಳಾಡಿದರೆ ನೋಡುವವರು ತಮ್ಮ ಎದೆ ಹಿಡಿದುಕೊಳ್ಳಬೇಕು. ಹೋದ ಸಲ ವಿದ್ಯಾ ಅದನ್ನು ಖರೆಯೆಂದೇ ನಂಬಿ, ಮಾಡಬೇಕಾದುದನ್ನೆಲ್ಲ ಬಿಟ್ಟು ಡಾಕ್ಟರನ್ನು ಕರೆಯಲು ಓಡಿದ್ದಳು. ಇಡೀ ವರ್ಗ ಬಿದ್ದು ಬಿದ್ದು ನಕ್ಕಿತ್ತು. ಪರೀಕ್ಷೆ ನಡೆಸುವ ಸುಲಭಾ ಮೇಡಂ ಮಾತ್ರ ನಗಲಿಲ್ಲ, ಫೇಲು ಮಾಡಿದರು. ಇನ್ನೊಮ್ಮೆ ಹೀಗೆ ಅರ್ಧಕ್ಕೆ ನಿಲ್ಲಿಸಿದರೆ ವರ್ಷವೇ ಹೋಯಿತೆಂದು ತಿಳಿದುಕೋ ಎಂದಿದ್ದರು.

ಇಂದು ಆ ಎರಡನೆಯ ಸಲ. ಸರದಿಯ ಕೊನೆಗೆ ಕೂತ ವಿದ್ಯಾಳ ಜೀವ ಬಾಯಿಗೆ ಬಂದಿತ್ತು. ಅವಳಿಗಿಂತ ಮುಂಚೆ ಒಳಗೆ ಹೋಗಿದ್ದ ವರದಾ ನಗುನಗುತ್ತ ಹೊರಬಂದು, ಏನೂ ಇಲ್ಲ, ರಕ್ತದಲ್ಲಿ ಸಕ್ಕರೆ ಏರಿದ ರೋಗಿ, ಬಾಯಿಪಾಠ ಒಪ್ಪಿಸಿ ಬಾ ಎಂದು ಬೆನ್ನು ತಟ್ಟಿದಳು.

ಬಾಯಿಪಾಠವೆಂದರೆ ಬಾಯಿಪಾಠವೇ. ಅಲ್ಲಿನ ರೂಢಿ ಹಾಗೆ. ಹುಡುಗಿಯರು ರೋಗಿಯನ್ನು ಮುಟ್ಟುತ್ತಲೇ ಇರಲಿಲ್ಲ. ನಾಡಿ ನೋಡುತ್ತಿದ್ದೇನೆ ಎಂದು ಬಾಯಲ್ಲಿ ಹೇಳಿದರೆ ಸಾಕು, ಕುರ್ಚಿಯಲ್ಲಿ ಕೂತ ಮೇಡಂ ಮೊದಲೇ ಬರೆದಿಟ್ಟ ಚೀಟಿ ನೋಡಿ ಸಂಖ್ಯೆ ಹೇಳುತ್ತಿದ್ದರು. ಮುಟ್ಟಿ ಏನು ಮಾಡುವುದು? ದಸ್ತಗೀರಬಿಯ ನಾಡಿ ಸಿಕ್ಕೀತೇ ಹೊರತು ಚೀಟಿಯ ನಾಡಿ ಸಿಗಲಾರದು.

ವಿದ್ಯಾ ಒಳಗೆ ಹೋದಾಗ ದಸ್ತಗೀರಬಿ ಅರೆಗಣ್ಣು ಮುಚ್ಚಿ ಏನೋ ತೊದಲುತ್ತಿದ್ದಳು. ವಿದ್ಯಾ ತನ್ನ ಹೆಸರು ಹೇಳಿ, ಸಕ್ಕರೆ ನೋಡುತ್ತಿದ್ದೇನೆ ಎಂದಳು. ಮುನ್ನೂರ ಎಂಬತ್ತು ಎಂದರು ಮೇಡಂ. ಇನ್ನು ಇನ್ಸುಲಿನ್. ರೋಗಿಯ ತೋಳಿಗೆ ಕಟ್ಟಿದ ರಬ್ಬರಿನ ಮೆತ್ತೆಗೆ ಸೂಜಿ ಚುಚ್ಚಿದರೆ ಮುಗಿಯಿತು. ಆದರೆ ಸೂಜಿ ಎತ್ತಿಕೊಂಡಾಗ ಹೋದ ಸಲದ್ದು ನೆನಪಾಗಿ ಕಣ್ಣಿಗೆ ಕತ್ತಲೆ ಬಂತು. ಎಲ್ಲಿ ಬಿದ್ದೇನೋ ಎಂದು ಇನ್ನೊಂದು ಕೈಯಿಂದ ಸಿಕ್ಕಿದ್ದನ್ನು ಹಿಡಿದುಕೊಂಡಳು. ಸಿಕ್ಕಿದ್ದು ದಸ್ತಗೀರಬಿಯ ಮುಂಗೈ. ಅದು ಬೆವರಿ ತಣ್ಣಗಾಗಿತ್ತು.

ವಿದ್ಯಾಳ ಎದೆ ಧಸಕ್ಕೆಂದಿತು. ಸಕ್ಕರೆ ಏರಿದವರ ಮೈ ಒಣಗಿರುತ್ತದೆ, ತಣ್ಣನೆಯ ಬೆವರು ಒಡೆಯುವುದು ಸಕ್ಕರೆ ತೀರ ಇಳಿದಾಗ. ಬೆವರನ್ನೂ ಅಭಿನಯಿಸಲು ಬರುತ್ತದೆಯೇ? ಯಾರಿಗೆ ಗೊತ್ತು, ಮೊದಲೇ ಕೈಗೆ ನೀರು ಸವರಿಕೊಂಡಿದ್ದಾಳು. ಬೆರಳ ಕೆಳಗೆ ನಾಡಿ ಓಡುತ್ತಿತ್ತು. ಸುಮ್ಮನೆ ಸೂಜಿ ಚುಚ್ಚಿದರೆ ಪಾಸು. ಕೂಗಿ, ಇದು ನಾಟಕವೆಂದಾದರೆ ವರ್ಷವೂ ಹೋಯಿತು, ಮರ್ಯಾದೆಯೂ ಹೋಯಿತು. ಸುಮ್ಮನಿದ್ದು, ಇದು ಖರೆಯೆಂದಾದರೆ?

ಮುಂದೇನು ಎಂದು ಮೇಡಂ ಗದರಿದರು.

ವಿದ್ಯಾ ಬಾಗಿ, "ಚಾಚಿ, ನಾ ಯಾರು?" ಎಂದು ಕೇಳಿದಳು.

"ಎಸರ ಕುದ್ದೈತಿ," ಎಂದಳು ದಸ್ತಗೀರಬಿ. "ಹಿಟ್ಟ ತಾ."

ಆ ಕಣ್ಣುಗಳು ಯಾರನ್ನೂ ನೋಡುತ್ತಿರಲಿಲ್ಲ. ವಿದ್ಯಾ ಸೂಜಿ ಕೆಳಗಿಟ್ಟಳು. "ಮೇಡಂ, ಇದು ನಾಟಕ ಅಲ್ರಿ."

"ಮತ್ತ ಅದನ ಶುರು ಮಾಡಿದೇನು?"

"ಫೇಲ್ ಮಾಡ್ರಿ. ಆದ್ರ ಒಂದ್ಸಲ ಬಂದು ಈಕಿ ಕೈ ಮುಟ್ಟಿ ನೋಡ್ರಿ."

ಮೇಡಂ ಸಿಟ್ಟಿನಿಂದಲೇ ಎದ್ದು ಬಂದರು. ಮುಟ್ಟಿದರು. ಅವರ ಮುಖದ ಬಣ್ಣ ಇಳಿದುಹೋಯಿತು. ಯಂತ್ರ ತಂದು ಬೆರಳು ಚುಚ್ಚಿದರೆ ಸಕ್ಕರೆ ನಲವತ್ತೆರಡು. ಚಹಾದ ಸಕ್ಕರೆ ಡಬ್ಬಿಗೆ ಮೇಡಂ ತಾವೇ ಓಡಿದರು. ನುಂಗುವಷ್ಟು ಎಚ್ಚರ ಇನ್ನೂ ಇದ್ದುದರಿಂದ ವಿದ್ಯಾ ಅವಳನ್ನು ಎದೆಗೆ ಒರಗಿಸಿಕೊಂಡಳು, ಮೇಡಂ ಚಮಚೆ ಚಮಚೆಯಾಗಿ ಸಕ್ಕರೆ ನೀರು ಕುಡಿಸಿದರು. ಒಂದೊಂದು ಗುಟುಕಿಗೂ ಇಬ್ಬರೂ ಉಸಿರು ಬಿಗಿಹಿಡಿದು ಅವಳ ಗಂಟಲನ್ನೇ ನೋಡುತ್ತಿದ್ದರು.

ಬಹಳ ಹೊತ್ತಿನ ಮೇಲೆ ದಸ್ತಗೀರಬಿಗೆ ನೆಟ್ಟಗೆ ಮಾತು ಬಂತು. ಪರೀಕ್ಷೆ ಕೆಡಿಸಿದೆನೇ ಎಂಬುದೇ ಅವಳ ಮೊದಲ ಪ್ರಶ್ನೆ. ಅವಳಿಗೆ ಸಕ್ಕರೆ ಕಾಯಿಲೆ ಇದ್ದದ್ದು ಖರೆಯೇ. ಬೆಳಿಗ್ಗೆ ಅದರ ಗುಳಿಗೆ ನುಂಗಿ, ಈ ಹುಡುಗಿಯದು ಮುಗಿಯಲಿ, ಆ ಹುಡುಗಿಯದು ಮುಗಿಯಲಿ ಎಂದು ಮಧ್ಯಾಹ್ನದವರೆಗೂ ಉಂಡಿರಲಿಲ್ಲ.

"ವರದಾಗ ಹೇಳಿದ್ನಿ, ಕೈ ನಡಗಾಕತ್ತಾವ ಅಂತ," ಎಂದಳು. "ನಾಟಕ ಛಲೋ ಮಾಡಾಕತ್ತಿ ಚಾಚಿ ಅಂದ್ಲು."

ಮೇಡಂ ಮೇಜಿನ ಮೇಲಿದ್ದ ಮಾರ್ಕಿನ ಹಾಳೆಯ ಕಡೆ ನೋಡಿದರು. ವರದಾಳಿಗೆ ಎಲ್ಲರಿಗಿಂತ ಹೆಚ್ಚು ಮಾರ್ಕು ಕೊಟ್ಟಿದ್ದವರು ಅವರೇ. ಆಗಲೂ ಅವರು ಮಂಚದಿಂದ ಮಾರು ದೂರದಲ್ಲೇ ಕೂತಿದ್ದರು. ಬಾಗಿಲಿಗೆ ಹೋಗಿ, ಎಲ್ಲ ಹುಡುಗಿಯರನ್ನೂ ವಾಪಸು ಕರೆಯಿರಿ, ಅವರಲ್ಲಿ ಒಬ್ಬರೂ ಪಾಸಾಗಿಲ್ಲ ಎಂದು ಹೇಳಿ ಬಂದರು. ಆಮೇಲೆ ಮೆತ್ತಗೆ, "ನೀ ಪಾಸಾದಿ, ವಿದ್ಯಾ. ಇನ್ನ ಆಕಿ ಕೈ ಬಿಡು, ಉಣ್ಣಾಕ ಹೋಗು," ಎಂದರು.

ವಿದ್ಯಾ ಬಿಡಲಿಲ್ಲ. ಗೋಡೆಯ ಗಡಿಯಾರದಲ್ಲಿ ಕಣ್ಣು ನೆಟ್ಟು ನಾಡಿ ಎಣಿಸುತ್ತಿದ್ದಳು. ಹೆದರಿಕೆಗೆ ನಡುವೆ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದಳು.